ಕಾಕಾ ಎಳೆದ ಚೋಕು

ಮೊನ್ನೆ ಮೊಮ್ಮಗಳ ಜೊತೆ ಹೆಬ್ಬಾಳದ ಹತ್ತಿರ ಅವಳ ಕಾರಿನ ಗ್ಯಾರೇಜಿಗೆ ಹೋಗಿದ್ದೆ. ಗ್ಯಾರೇಜ್ ಅಂದರೆ ಅವಳಿಗೆ ಆಗುವುದಿಲ್ಲ, "ಸರ್ವಿಸ್ ಸೆಂಟರ್ ಅಜ್ಜಿ" ಎಂದು ತಿದ್ದುತ್ತಾಳೆ. ಗಾಜಿನ ಗೋಡೆ, ಎ.ಸಿ., ಕಾಫಿ ಮಷೀನು. ನೆಲ ನಮ್ಮ ಕಾನ್ವೆಂಟಿನ ಚಾಪೆಲ್ ನೆಲದಷ್ಟೇ ಫಳಫಳ. ನಮ್ಮ ಕಾಲದ ಗ್ಯಾರೇಜಿನ ಒಂದು ವಾಸನೆಯೂ ಅಲ್ಲಿ ಇರಲಿಲ್ಲ. ಆಮೇಲೆ ಟೆಕ್ನಿಷಿಯನ್ ನಮ್ಮನ್ನು ಒಳಗೆ ಕರೆದು, ಇಂಜಿನ್ನಿನಿಂದ ಬಿಚ್ಚಿದ ಹೆಬ್ಬೆರಳಿನಷ್ಟು ದಪ್ಪದ ಒಂದು ಭಾಗವನ್ನು ತೋರಿಸಿದ. ಅವನ ಇನ್ನೊಂದು ಕೈಯಲ್ಲಿ ಸಿಕ್ಕುಸಿಕ್ಕಾದ ಬಿಳಿ ನೂಲಿನ ಉಂಡೆ. ಕಾಟನ್ ವೇಸ್ಟ್. ಅದರಿಂದ ಆ ಭಾಗವನ್ನು ಒರೆಸಿದ ಕೂಡಲೇ ಕಪ್ಪು ಎಣ್ಣೆ ಅಂಟಿಕೊಂಡು, ಸುಟ್ಟ ಎಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಂತು...

"ಇಂಜಿನ್ ಆಯಿಲ್ ಟೈಮಿಗೆ ಚೇಂಜ್ ಮಾಡಿಸಿಲ್ಲ ಮೇಡಂ. ಗಟ್ಟಿಯಾಗಿ ಇದ್ರೊಳಗೆ ಕಟ್ಕೊಂಡ್ಬಿಟ್ಟಿದೆ. ಅದಕ್ಕೇ ವಾಲ್ವ್ ಟೈಮಿಂಗ್ ಅಡ್ಜಸ್ಟ್ ಆಗ್ತಿಲ್ಲ. ಸಿಗ್ನಲ್‌ನಲ್ಲಿ ನಡುಗೋದು, ಅಪ್‌ನಲ್ಲಿ ಎಳೀದೇ ಇರೋದು, ಎಲ್ಲ ಅದ್ರಿಂದಲೇ."

"ಅಡ್ಜಸ್ಟ್ ಅಂದ್ರೆ? ಕಾರು ಓಡ್ತಿರುವಾಗಲೇನಪ್ಪಾ?" ಎಂದೆ.

"ಹೌದು ಮೇಡಂ. ಈಗೆಲ್ಲಾ ಕಾರಲ್ಲೂ ಅದು ಇರತ್ತೆ."

ಇಷ್ಟು ಸಲೀಸಾಗಿ ಹೇಳಿಬಿಟ್ಟ! ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೊಮ್ಮಗಳು ಬಿ.ಪಿ. ಏರಿತೇನೋ ಎಂದು ಗಾಬರಿಯಾದಳು. ಬಿ.ಪಿ. ಅಲ್ಲ. ಯಶವಂತಪುರದ ನಮ್ಮ ಹಳೆಯ ಮನೆಯ ಕಾಂಪೌಂಡ್ ಗೋಡೆ ಕಣ್ಣಮುಂದೆ ಬಂದು ನಿಂತಿತ್ತು. ಗೋಡೆಯಾಚೆ ಕೈಯಲ್ಲಿ ಇಂಥದ್ದೇ ಒಂದು ಉಂಡೆ ವೇಸ್ಟ್ ಹಿಡಿದು, ನಮ್ಮ ಕಾರನ್ನು ಅಪಾರ ಕರುಣೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಕಾಕಾ.

ನಮ್ಮ ಬೀದಿ ಯಶವಂತಪುರ ಸ್ಟೇಷನ್ನಿನ ಹಿಂಬದಿಗಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹಗಲೆಲ್ಲ ರೈಲು ಡಬ್ಬಿಗಳನ್ನು ಆಚೀಚೆ ತಳ್ಳಿ ಜೋಡಿಸುವ ಶಂಟಿಂಗ್ ಸದ್ದು. ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಕಲ್ಲಿದ್ದಲಿನ ಪುಡಿ ಕೂರುತ್ತಿತ್ತು. ಪಕ್ಕದ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಒಂದು ಸಂಸಾರ ಬಾಡಿಗೆಗಿತ್ತು. ಯಜಮಾನರು ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದರು. ರೈಲ್ವೆಯಿಂದ ರಿಟೈರ್ ಆಗಿದ್ದ ಅವರ ಚಿಕ್ಕಪ್ಪ ಅವರ ಜೊತೆಗಿದ್ದರು. ಆ ಮನೆಯವರು ಕಾಕಾ ಅನ್ನುತ್ತಿದ್ದರು, ಹಾಗಾಗಿ ಇಡೀ ಬೀದಿಗೇ ಅವರು ಕಾಕಾ ಆದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬದುಕಿನುದ್ದಕ್ಕೂ ಉಗಿಬಂಡಿ ಓಡಿಸಿದವರು. ಹುಬ್ಬಳ್ಳಿ, ಅರಸೀಕೆರೆ, ಯಶವಂತಪುರ, ಅದೇ ಅವರ ಲೈನು.

ಸಂಕೋಚದ ಮನುಷ್ಯ ಎಂದುಕೊಳ್ಳಬೇಡಿ. ಜಂಭದ ಮನುಷ್ಯ! ಎದೆ ಮುಂದೆ ಮಾಡಿಕೊಂಡೇ ನಡೆಯುತ್ತಿದ್ದರು. "ನಿಮ್ಮ ಬೆಂಗಳೂರು ಮಂದಿ ಸೈಕಲ್ಲಿನ ಮ್ಯಾಲೂ ಅಂಜಿಕೊಂತ ಕೂಡ್ತೀರಿ" ಎಂದು ಬೀದಿಯ ಗಂಡಸರನ್ನು ಆಡಿಕೊಳ್ಳುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಕಾಟನ್ ವೇಸ್ಟ್. ಅದರಲ್ಲಿ ಕನ್ನಡಕ ಒರೆಸುತ್ತಿದ್ದರು, ಗೇಟಿನ ಅಗುಳಿ ಒರೆಸುತ್ತಿದ್ದರು, ಒಮ್ಮೆ ನಾವು ಕೊಟ್ಟ ಸೀಬೆಹಣ್ಣನ್ನೂ ಒರೆಸಿ ತಿಂದದ್ದನ್ನು ನೋಡಿ ನಮ್ಮತ್ತೆ ಹೌಹಾರಿದ್ದರು.

ನಮ್ಮ ಮನೆಯಲ್ಲಿ ಒಂದು ಕಾರಿತ್ತು. ನಮ್ಮ ತಂದೆಯದು. ಅವರು ಹೋದಮೇಲೆ ನನ್ನ ಪಾಲಿಗೆ ಬಂದ, ಬೂದು ಬಣ್ಣದ ಹಳೆಯ ಗಾಡಿ. ನನ್ನವರು ಅಪ್ಪಟ ಸ್ಕೂಟರ್ ಮನುಷ್ಯ, ಸ್ಟೀರಿಂಗ್ ಮುಟ್ಟಿದವರಲ್ಲ. ನಾನು ಕಾಲೇಜಿನಲ್ಲಿದ್ದಾಗಲೇ ತಂದೆ ನನಗೆ ಡ್ರೈವಿಂಗ್ ಕಲಿಸಿ ಲೈಸೆನ್ಸ್ ಕೊಡಿಸಿದ್ದರು. ಆದರೆ ಮದುವೆಯಾದಮೇಲೆ ಆ ಕಾರು ಅಷ್ಟಾಗಿ ಶೆಡ್ಡು ಬಿಟ್ಟು ಹೊರಬಿದ್ದದ್ದಿಲ್ಲ. ಅಪರೂಪಕ್ಕೆ ಮಲ್ಲೇಶ್ವರದ ತನಕ, ಅಷ್ಟೇ.

ಆ ಬೇಸಿಗೆಯಲ್ಲಿ ನನಗೊಂದು ಕೆಲಸ ಬಂತು. ಹೆಸರಘಟ್ಟ ರಸ್ತೆಯಲ್ಲಿ, ಸೋಲದೇವನಹಳ್ಳಿ ಕಡೆಗೆ, ಸಿಸ್ಟರ್‌ಗಳು ಹೊಸದಾಗಿ ತೆರೆದ ಒಂದು ಶಾಲೆ. ಇಂಗ್ಲಿಷ್ ಟೀಚರ್ ಬೇಕಿತ್ತು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನಗೆ ಪಾಠ ಹೇಳಿದ್ದವರೇ. "ಸೋಮವಾರ ನನಗೆ ಯೆಸ್ ಆರ್ ನೋ ಹೇಳಬೇಕು, ಚೈಲ್ಡ್" ಎಂದಿದ್ದರು. ಆನೆಸ್ಟ್ಲಿ, ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದು ಈಗ ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಅನ್ನಬಟ್ಟೆಗೆ ಕೊರತೆ ಇರಲಿಲ್ಲ. ಆದರೆ ಓದಿದ್ದೆಲ್ಲ ಒಳಗೇ ಹುಳಿಯುತ್ತಿತ್ತು... ಮಗ ಸ್ಕೂಲಿಗೆ, ನನ್ನವರು ಆಫೀಸಿಗೆ ಹೋದಮೇಲೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಶಂಟಿಂಗ್ ಸದ್ದು ಕೇಳುತ್ತ ಮಧ್ಯಾಹ್ನವಾಗುತ್ತಿತ್ತು.

ಬಸ್ಸು ಸರಿಯಾಗಿರಲಿಲ್ಲ. ಎರಡು ಕಡೆ ಬದಲಾಯಿಸಿ, ಆಮೇಲೆ ಹೊಲದ ಬದಿಯಲ್ಲಿ ನಡೆಯಬೇಕಿತ್ತು. ಉಳಿದ ದಾರಿ ಕಾರೊಂದೇ. ನನ್ನವರು "ಅಮ್ಮ ಒಪ್ಪಿದ್ರೆ ನಂದೇನೂ ಇಲ್ಲ" ಎಂದು ಕೈತೊಳೆದುಕೊಂಡರು. ಅತ್ತೆ ಕೆಟ್ಟವರಲ್ಲ, ಭಯಸ್ಥೆ.

"ಕಾರಲ್ಲಿ ಹೋಗ್ತೀನಿ ಅಂತೀಯ, ಸರಿ. ನಡುದಾರೀಲಿ ಕೆಟ್ಟು ನಿಂತ್ರೆ? ಆ ಕಡೆ ಒಂದು ನರಪಿಳ್ಳೆ ಓಡಾಡಲ್ಲ."

"ನಿಲ್ಲಲ್ಲ ಅತ್ತೆ."

"ಅದು ನೀನು ಹೇಳೋದು. ಭಾನುವಾರ ನಾನೂ ಬರ್ತೀನಿ. ಸ್ಕೂಲ್ ತನಕ ಹೋಗಿ ಬರೋಣ. ಎಲ್ಲೂ ನಿಲ್ಲದೆ ಹೋಗಿ ಬಂದ್ರೆ ಆ ಸಿಸ್ಟರಿಗೆ ಹೂಂ ಅನ್ನು. ನಿಂತ್ರೆ ಆ ಮಾತು ಅಲ್ಲಿಗೇ ಬಿಡ್ಬೇಕು. ಆಮೇಲೆ ಮುಖ ಊದಿಸ್ಕೊಂಡು ಕೂರಬಾರದು."

ಒಪ್ಪಿಕೊಂಡೆ. ಕಾರನ್ನು ತಯಾರು ಮಾಡಲು ಮತ್ತಿಕೆರೆಯಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ನಮ್ಮ ಶೆಡ್ಡಿನ ಮುಂದೆ ಬಾನೆಟ್ ಎತ್ತಿ, ಇಂಜಿನ್ನಿನ ಮೇಲುಮುಚ್ಚಳ ಬಿಚ್ಚಿ, ವಾಲ್ವುಗಳ ಸಂದು ಸರಿಮಾಡುತ್ತಿದ್ದ. ಸದ್ದಿಗೆ ಕಾಕಾ ಗೋಡೆಯ ಹತ್ತಿರ ಬಂದರು. ನೋಡಿದರು. ಗೋಡೆ ಸುತ್ತಿ ಗೇಟು ತೆಗೆದು ಒಳಗೇ ಬಂದರು.

"ಇವು ವಾಲ್ವೇನಪಾ?"

"ಹೌದು ಸಾರ್. ಇದು ಗಾಳಿ ಪೆಟ್ರೋಲ್ ಒಳಗೆ ಬಿಡೋದು, ಇದು ಹೊಗೆ ಹೊರಗೆ ಬಿಡೋದು. ಕೆಳಗೆ ಉಬ್ಬುಬ್ಬು ಇರೋ ಒಂದು ಶಾಫ್ಟ್ ತಿರುಗುತ್ತೆ. ಉಬ್ಬು ಬಂದಾಗ ವಾಲ್ವ್ ತೆಗೆಯುತ್ತೆ, ಉಬ್ಬು ಹೋದ್ರೆ ಮುಚ್ಚುತ್ತೆ."

"ಚಲೋ. ಗಾಡಿ ಓಡೂವಾಗ ಇದನ್ನ ಹ್ಯಾಂಗ ಬದಲಿ ಮಾಡ್ತೀರಿ?"

ಮೆಕ್ಯಾನಿಕ್ ತಲೆಯೆತ್ತಿ ನೋಡಿದ. "ಓಡೋವಾಗ ಏನ್ ಬದಲಾಯಿಸೋದು ಸಾರ್? ಯಾವಾಗ ತೆಗೀಬೇಕು, ಯಾವಾಗ ಮುಚ್ಚಬೇಕು, ಎಲ್ಲ ಕಂಪನಿ ಸೆಟ್ಟಿಂಗು."

"ಅಂದ್ರ ಏರಿಗೂ ಅದ, ಇಳಿಜಾರಿಗೂ ಅದ?"

"ಅದೇ."

"ನಿಂತಾಗೂ ಅದ, ಜೋರ್ ಹೊಂಟಾಗೂ ಅದ?"

"ಅದೇ ಅಂದ್ನಲ್ಲ ಸಾರ್."

ಕಾಕಾ ಜೇಬಿನ ವೇಸ್ಟ್ ತೆಗೆದು ನಮ್ಮ ಕಾರಿನ ಬಾನೆಟ್ಟನ್ನು ಮೆಲ್ಲಗೆ ಒರೆಸಿದರು, ಜ್ವರ ಬಂದ ಮಗುವಿನ ಹಣೆ ಒರೆಸಿದಂತೆ. "ಪಾಪದ್ದು" ಎಂದರು. ಅವತ್ತಿನಿಂದ ನಮ್ಮ ಕಾರಿಗೆ ಅವರಿಟ್ಟ ಹೆಸರು ಅದೇ. "ಏನ್ ತಂಗಿ, ಪಾಪದ್ದು ಇವತ್ತ ಹೊರಗ ಬರಲಿಲ್ಲ?"

ಐ ವಾಸ್ ಫ್ಯೂರಿಯಸ್. ನಮ್ಮ ತಂದೆಯ ಕಾರು! ಮೆಕ್ಯಾನಿಕ್ ಹೋದಮೇಲೆ ಕೇಳಿಯೇಬಿಟ್ಟೆ. "ಅದರಲ್ಲಿ ಪಾಪ ಅನ್ನೋದೇನಿದೆ ಕಾಕಾ? ಬಾಗಿಲು ತೆಗೆಯೋದು ಮುಚ್ಚೋದು ತಾನೆ, ಯಾವಾಗ ಆದರೇನು?"

ಅವರು ಗೋಡೆಗೆ ಒರಗಿ ನಿಂತರು. ಆ ಕಡೆ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಯೊಂದು ಸೀಟಿ ಹೊಡೆಯುತ್ತಿತ್ತು.

"ಬಾಗಲಾ ಅಂದ್ಯಲ್ಲ, ಹಂಗಾದ್ರ ಕೇಳು. ಸಣ್ಣ ಸ್ಟೇಷನ್. ಗಾಡಿ ನಿಂತೈತಿ, ಹತ್ತವ್ರು ನಾಕ ಮಂದಿ, ಅವರಿಗೂ ಅವಸರ ಇಲ್ಲ. ಹತ್ತಿದ ಕೂಡ್ಲೆ ಬಾಗಲಾ ಹಾಕಿಬಿಡಬೇಕು. ತೆಗದಿಟ್ರ ಏನಾಕ್ಕೈತಿ?"

"ಏನಾಗುತ್ತೆ?"

"ಒಳಗ ಹತ್ತಿದವ್ರ ಚಾ ಕುಡೀಲಿಕ್ಕೆ ತಿರುಗಿ ಇಳೀತಾರ! ಈಗ ದೊಡ್ಡ ಸ್ಟೇಷನ್. ಜಾತ್ರಿ ಮಂದಿ, ದಬ್ಬಾಡಿಕೊಂತ ಓಡಿ ಬರಾಕತ್ತಾರ. ಸೀಟಿ ಆದ ಮ್ಯಾಲೂ ಒಂದ್ ಕ್ಷಣ ಬಾಗಲಾ ತೆಗದಿಡು. ಹಿಂದಿನವ್ರ ನೂಕಿನಾಗ ಇನ್ನಷ್ಟು ಮಂದಿ ಒಳಗ ಬಂದ್ಬಿಡ್ತಾರ. ಗಾಳೀನೂ ಹಂಗ, ಉಗೀನೂ ಹಂಗ. ಮೆತ್ತಗ ಹೋಗೂವಾಗ ಬಾಗಲಾ ಲಗೂನ ಮುಚ್ಚಬೇಕು, ಜೋರ್ ಹೋಗೂವಾಗ ಒಂಚೂರು ತಡ ಮಾಡಿ ಮುಚ್ಚಬೇಕು. ಪಾಪದ್ದಕ್ಕ ಆ ತಿಳುವಳಿಕಿ ಇಲ್ಲ. ಎರಡಕ್ಕೂ ನಡಕಿನ ಒಂದು ಲೆಕ್ಕ ಹಿಡದು ಕಂಪನಿಯವ್ರ ಬಡದಿಟ್ಟಾರ. ಸಣ್ಣ ಸ್ಟೇಷನ್ನಿಗೂ ಪೂರಾ ಸರಿ ಇಲ್ಲ, ದೊಡ್ಡದಕ್ಕೂ ಇಲ್ಲ."

"ನಿಮ್ಮ ರೈಲಿಂಜಿನ್ನಿಗೆ ಆ ತಿಳುವಳಿಕೆ ಇದೆಯೋ?"

"ಎಂಜಿನ್ನಿಗೆಲ್ಲಿ? ನನಗ ಐತಿ!" ಎದೆ ತಟ್ಟಿಕೊಂಡರು. "ರಿವರ್ಸರ್ ಅಂತ ಒಂದು ಚಕ್ರ ಇರ್ತೈತಿ, ಡ್ರೈವರ್ ಕೈಯಾಗ. ಹೊಂಡೂವಾಗ, ಏರು ಹತ್ತೂವಾಗ, ಪೂರ್ತಿ ತಿರುವಿ ಉಗಿ ಹೊಟ್ಟಿ ತುಂಬ ಕೊಡಬೇಕು. ಓಟಕ್ಕ ಬಿದ್ದ ಮ್ಯಾಲ ಸಾವಕಾಶ ತಿರುಗಿಸಿಕೊಂತ ಕಡಿಮಿ ಮಾಡಬೇಕು. ಕೊಟ್ಟ ಉಗಿನ ಹಿಗ್ಗಿ ಹಿಗ್ಗಿ ಎಳೀತೈತಿ. ಬರ್ತೈತಿ ತಂಗಿ, ಒಂದಿನ ಮೋಟಾರಿಗೂ ಬರ್ತೈತಿ ಇದು. ನೋಡ್ಕೊಂತಿರು."

ಉಗಿಬಂಡಿಯ ಲೆಕ್ಕವೇ ಬೇರೆ, ಪೆಟ್ರೋಲ್ ಇಂಜಿನ್ನಿನದೇ ಬೇರೆ. ಅದು ಅವರಿಗೂ ಗೊತ್ತಿತ್ತು. ಆದರೆ ಬಾಗಿಲಿನ ಹೊತ್ತನ್ನು ಓಟಕ್ಕೆ ತಕ್ಕಂತೆ ಬದಲಾಯಿಸಬೇಕು ಎನ್ನುವುದೊಂದು ಅವರಿಗೆ ಉಸಿರಿನಷ್ಟು ಸಹಜವಾಗಿತ್ತು.

ಭಾನುವಾರದ ಪ್ರಯಾಣಕ್ಕೆ ಅವರು ತಮ್ಮನ್ನು ತಾವೇ ಕರೆದುಕೊಂಡರು. "ನಾನೂ ಬರ್ತೇನಿ. ಆ ಲೈನ್ ನೋಡಿ ಭಾಳ ದಿನ ಆತು." ನನಗೂ ಪಕ್ಕದಲ್ಲಿ ಒಬ್ಬರು ಧೈರ್ಯಕ್ಕೆ ಬೇಕಾಗಿತ್ತು. ಶನಿವಾರ ಸಂಜೆ ಕಾರಿನಲ್ಲಿ ಕೂತು ಒಂದೊಂದೇ ಗುಂಡಿ ಯಾವುದೆಂದು ಕೇಳಿದರು. ಡ್ಯಾಶ್‌ಬೋರ್ಡಿನ ಕೆಳಗಿದ್ದ ಹಿಡಿಯ ಹತ್ತಿರ ಬಂದರು.

"ಇದು?"

"ಚೋಕು ಕಾಕಾ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಪೂರ್ತಿ ಎಳೆದು ಸ್ಟಾರ್ಟ್ ಮಾಡೋದು. ಬಿಸಿ ಆದ ಹಾಗೆ ಸ್ವಲ್ಪ ಸ್ವಲ್ಪ ಒಳಗೆ ತಳ್ಳೋದು."

ಅವರ ಕಣ್ಣು ಅರಳಿತು. "ಮೊದಲ ಪೂರ್ತಿ ಎಳೀತಿ, ಆಮ್ಯಾಲ ಸ್ವಲ್ಪ ಸ್ವಲ್ಪ ಒಳಗ ತಗೋತಿ. ಹಂಗಾದ್ರ ರಿವರ್ಸರ್ರ ಆತಲ್ಲ!"

"ಅಲ್ಲ ಕಾಕಾ, ಅಲ್ಲ! ಇದು ಪೆಟ್ರೋಲಿನ ಪಾಲು ಜಾಸ್ತಿ ಮಾಡೋದಕ್ಕೆ ಅಷ್ಟೇ. ಬಿಸಿ ಇಂಜಿನ್ನಿಗೆ ಎಳೆದ್ರೆ ಉಸಿರು ಕಟ್ಟುತ್ತೆ."

"ತಿಳೀತು ತಿಳೀತು" ಎಂದರು, ಆ ಹಿಡಿಯನ್ನು ವೇಸ್ಟಿನಿಂದ ಒರೆಸುತ್ತ.

ಭಾನುವಾರ ಬೆಳಿಗ್ಗೆ ಅತ್ತೆ ಮಡಿಸೀರೆ ಬದಲಾಯಿಸಿ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಚಕ್ರದಡಿ ನಿಂಬೆಹಣ್ಣು ಇಡಿಸಿದರು. ಬೀದಿಯವರೆಲ್ಲ ಗೇಟಿಗೆ ಬಂದಿದ್ದರು. "ಕಾಕಾ, ಕಲ್ಲಿದ್ದಲಾ ಹಾಕಿದ್ರ್ಯೋ ಇಲ್ಲೋ?" ಎಂದು ಅವರ ಅಣ್ಣನ ಮಗ ಗೋಡೆಯ ಮೇಲಿನಿಂದ ಕಿಚಾಯಿಸಿದರು. ಕಾಕಾ ಕಿಟಕಿಯಿಂದ ಕೈ ಹೊರಹಾಕಿ ಹಸಿರು ಬಾವುಟ ಆಡಿಸುವಂತೆ ಆಡಿಸಿದರು. ನಿಂಬೆಹಣ್ಣು ಪಚಕ್ಕೆಂದಿತು. ಹೊರಟೆವು.

ಜಾಲಹಳ್ಳಿಯ ತನಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು ಕಾರು. ಅಲ್ಲಿಂದ ಹೆಸರಘಟ್ಟ ರಸ್ತೆ. ಎರಡೂ ಕಡೆ ರಾಗಿ ಹೊಲ, ಅಲ್ಲೊಂದು ಇಲ್ಲೊಂದು ಇಟ್ಟಿಗೆ ಗೂಡು. ಅತ್ತೆ ಹಿಂದಿನಿಂದ "ಪರವಾಗಿಲ್ಲ ಕಣೇ" ಎಂದರು. ನನ್ನ ಎದೆ ಹಗುರಾಯಿತು. ಮುಂದೆ ರೈಲ್ವೆ ಗೇಟು. ಅದಕ್ಕೆ ಮುಂಚೆ ಒಂದು ಏರು. ನೋಡಿದರೆ ಸಣ್ಣದು, ಹತ್ತಿದರೆ ಉದ್ದ. ಟಾಪ್ ಗೇರಿನಲ್ಲಿದ್ದೆ. ಅರ್ಧ ಏರುವಷ್ಟರಲ್ಲಿ ಇಂಜಿನ್ನು ಗುದ್ದತೊಡಗಿತು, ಕಾರು ಮುಕ್ಕರಿಸುತ್ತ ನಿಧಾನವಾಯಿತು. ಗೇರ್ ಇಳಿಸೋಣವೆಂದು ನಾನು ಕ್ಲಚ್ಚಿಗೆ ಕಾಲು ಒಯ್ಯುವಷ್ಟರಲ್ಲಿ...

ಕಾಕಾ ಕೈ ಚಾಚಿ ಚೋಕನ್ನು ಪೂರ್ತಿ ಎಳೆದುಬಿಟ್ಟರು.

ಕಾರು ಕೆಮ್ಮಿತು. ಹಿಂದುಗಡೆ ಮಸಿಯಂಥ ಹೊಗೆ ಬಿಟ್ಟಿತು. ಎರಡು ಸಲ ಜಗ್ಗಿ ನಿಂತುಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ನಾನು ಸ್ಟೀರಿಂಗ್ ಹಿಡಿದು ಹಾಗೇ ಕೂತೆ.

"ನಿಂತೋಯ್ತಾ?" ಎಂದರು ಅತ್ತೆ, ಹಿಂದಿನಿಂದ.

ಕಾಕಾ ಅಷ್ಟರಲ್ಲಿ ಕೆಳಗಿಳಿದು, ರಸ್ತೆಬದಿಯ ಕಲ್ಲೊಂದನ್ನು ಹಿಂಚಕ್ರಕ್ಕೆ ಕೊಟ್ಟಿದ್ದರು. ಮೇಲೆ ಗೇಟಿನವನು ಗಂಟೆ ಬಾರಿಸಿ ಗೇಟು ಹಾಕತೊಡಗಿದ. ಸೈಕಲ್ಲಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬಂದವನೊಬ್ಬ ನಮ್ಮ ಪಕ್ಕ ಕಾಲೂರಿ ನಿಂತ.

"ಏನಕ್ಕೋ, ಇಂಗೆ ಒಗೆ ಆಕ್ತಾ ಐತೆ ನಿನ್ ಗಾಡಿ! ಎತ್ತು ಕಟ್ಟಾನಾ?"

"ನಿನ್ನ ಹುಲ್ಲು ಬೀಳತ್ತೆ ನೋಡ್ಕೋ ಹೋಗಪ್ಪ" ಎಂದರು ಅತ್ತೆ, ತಟ್ಟನೆ. ನನ್ನ ಪರವಾಗಿ ಅಂದರೋ, ಸಿಟ್ಟಿಗೆ ಅಂದರೋ ಗೊತ್ತಾಗಲಿಲ್ಲ.

ಕಾಕಾ ಅತ್ತೆಯ ಕಿಟಕಿಯ ಹತ್ತಿರ ಬಂದು ನಿಂತರು. ಆ ಎದೆ ಸೆಟೆದ ಮನುಷ್ಯ ಅಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ. "ಅಕ್ಕಾರ, ಇದು ಗಾಡಿ ತಪ್ಪಲ್ಲ, ತಂಗಿ ತಪ್ಪೂ ಅಲ್ಲ. ನನ್ನ ಕೈಯಿಂದ ಆತು. ಅಕಿ ನಿನ್ನೆನ ಹೇಳಿದ್ಲು, ಇದು ಅದಲ್ಲ ಅಂತ. ನನಗೂ ತಿಳದಿತ್ರಿ. ಆದ್ರ ಏರಿನಾಗ ಎಂಜಿನ್ ಹಂಗ ಮುಕ್ಕರಿಸೂದು ಕೇಳಿದ ಕೂಡ್ಲೆ... ಕೈ ಕೇಳಲಿಲ್ರಿ."

"ಯಾರ ಕೈಯಿಂದ ಆದ್ರೇನು ಸಾಹೇಬ್ರೆ, ನಿಂತದ್ದು ನಿಂತ ಹಾಗೇ ಅಲ್ವಾ?"

ಸೋಮವಾರ ಸಿಸ್ಟರಿಗೆ 'ನೋ' ಹೇಳುವ ವಾಕ್ಯವನ್ನು ಮನಸ್ಸು ಆಗಲೇ ಜೋಡಿಸುತ್ತಿತ್ತು, ಗುಡ್ ಗ್ರಾಮರ್ ಸಮೇತ.

ಆಗ ರೈಲು ಬಂತು. ಗೂಡ್ಸ್ ಗಾಡಿ. ಗೇಟಿನಿಂದ ಸ್ವಲ್ಪ ಆಚೆ ಸಿಗ್ನಲ್ಲಿಗೆ ನಿಂತಿದ್ದದ್ದು ಹೊರಡುತ್ತಿತ್ತು. ಉಗಿ ಭುಸ್ಸೆನ್ನಿಸುತ್ತ, ಒಂದೊಂದು ಉಸಿರಿಗೂ ನೆಲ ನಡುಗಿಸುತ್ತ ಹತ್ತಿರ ಬಂತು. ಕಾಕಾರ ಮುಖ ತಾನಾಗಿ ಆ ಕಡೆ ತಿರುಗಿತು.

"ಕೇಳ್ರಿ ಅಕ್ಕಾರ, ಈಗ ಹೊಟ್ಟಿ ತುಂಬ ಉಗಿ ಕೊಟ್ಟಾನ. ಒಂದೊಂದು ಹೊಡತ ಎದಿಗೆ ಬಡದಂಗ ಬರ್ತೈತಿ ಹೌದಲ್ಲ? ಈಗ ಓಟಕ್ಕ ಬಿತ್ತು... ಇನ್ನೊಂದಿಷ್ಟು ತಡಿ ತಮ್ಮಾ, ಅವಸರ ಬ್ಯಾಡ..." ಅವರು ಆ ಡ್ರೈವರಿನ ಜೊತೆಗೇ ಮಾತಾಡುತ್ತಿದ್ದರು. ಬಲಗೈ ಗಾಳಿಯಲ್ಲಿ ಇಲ್ಲದ ಚಕ್ರವೊಂದನ್ನು ತಿರುಗಿಸುತ್ತಿತ್ತು. "ಹಾಂ. ಈಗ!"

ಅವರು ಈಗ ಎಂದದ್ದಕ್ಕೂ ಇಂಜಿನ್ನಿನ ದನಿ ಬದಲಾದದ್ದಕ್ಕೂ ಸರಿಹೋಯಿತು. ಗುದ್ದುವ ಸದ್ದು ಹೋಗಿ, ಮೆಲ್ಲನೆಯ, ಲಘುವಾದ ಲಯ ಹಿಡಿಯಿತು. ಗಾಡಿಯ ಓಟ ಮಾತ್ರ ಕಡಿಮೆಯಾಗಲಿಲ್ಲ, ಹೆಚ್ಚಿತು. ಅತ್ತೆ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹಿಡಿದು, ಕುಡಿಯುವುದನ್ನು ಮರೆತು ಕೇಳುತ್ತಿದ್ದರು.

"ಅಂದ್ರೆ ಹಾಲು ಉಕ್ಕೋ ತನಕ ಉರಿ ಜೋರು, ಆಮೇಲೆ ಸಣ್ಣ" ಎಂದರು.

"ಅಷ್ಟರಿ ಅಕ್ಕಾರ. ಅದನ್ನ ಈ ಪಾಪದ್ದಕ್ಕ ಯಾರೂ ಕೊಟ್ಟಿಲ್ಲ ನೋಡ್ರಿ."

ಅವರಿಬ್ಬರ ಮಾತಿನ ನಡುವೆ ನನಗೆ ತಂದೆಯ ದನಿ ನೆನಪಾಯಿತು. ಕಾಲೇಜಿನ ರಜೆಯಲ್ಲಿ ಒಮ್ಮೆ ಹೀಗೇ ಪೆಟ್ರೋಲ್ ಹೆಚ್ಚಾಗಿ ಇಂಜಿನ್ ಒದ್ದೆಯಾದಾಗ ಅವರು ಹೇಳಿದ್ದರು: ಮತ್ತೆ ಮತ್ತೆ ತುಳೀಬೇಡ, ಸ್ವಲ್ಪ ಹೊತ್ತು ಬಿಡು, ಲೆಟ್ ಹರ್ ಬ್ರೀದ್. ಗೂಡ್ಸಿನ ಅಷ್ಟುದ್ದದ ಡಬ್ಬಿಗಳು ಹಾದುಹೋಗುವಷ್ಟು ಹೊತ್ತು ಆಗಲೇ ಬಿಟ್ಟಾಗಿತ್ತು. ಚೋಕನ್ನು ಪೂರ್ತಿ ಒಳಗೆ ತಳ್ಳಿದೆ. ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟಿಸಿ ಹಾಗೇ ಹಿಡಿದೆ. ಪಂಪ್ ಮಾಡಲಿಲ್ಲ. ಸ್ಟಾರ್ಟರ್ ತಿರುಗಿಸಿದೆ. ತಿರುಗಿತು, ತಿರುಗಿತು... ಒಂದು ಸಿಲಿಂಡರ್ ಕೆಮ್ಮಿತು. ಇನ್ನೊಂದು. ಕೊನೆಗೊಮ್ಮೆ ನಾಲ್ಕೂ ಸೇರಿ ಗರ್ಜಿಸಿದವು. ಉಳಿದಿದ್ದ ಕಪ್ಪು ಹೊಗೆಯೆಲ್ಲ ಸೈಕಲ್ಲಿನವನ ಹುಲ್ಲಿನ ಮೇಲೆ ಹೋಯಿತು.

"ಗೇಟ್ ತೆಗೆದ ಕಣೇ!" ಎಂದರು ಅತ್ತೆ, ಉದ್ವೇಗದಲ್ಲಿ.

ಫಸ್ಟ್ ಗೇರು. ಕ್ಲಚ್ ಮೆಲ್ಲಗೆ ಬಿಟ್ಟು, ಕಾರು ಮೂಗೆತ್ತಿ ಎಳೆಯುವುದನ್ನು ಕಾಲಿನಲ್ಲೇ ಕೇಳಿ, ಹ್ಯಾಂಡ್‌ಬ್ರೇಕ್ ಬಿಟ್ಟೆ. ಒಂದು ಗೇಣೂ ಹಿಂದೆ ಜಾರಲಿಲ್ಲ. ಏರು ಮುಗಿಸಿ, ಹಳಿ ದಾಟಿ, ಆಚೆ ಸಮತಟ್ಟಿನಲ್ಲಿ ನಿಲ್ಲಿಸಿದಾಗಲೇ ನನಗೆ ನೆನಪಾದದ್ದು, ಕಾಕಾ ಹತ್ತಿರಲಿಲ್ಲ!

ತಿರುಗಿ ನೋಡಿದರೆ ಅವರು ಚಕ್ರದ ಕಲ್ಲನ್ನು ರಸ್ತೆಬದಿಗೆ ಒಪ್ಪವಾಗಿ ಸರಿಸಿಟ್ಟು, ಆರಾಮಾಗಿ ನಡೆದು ಬರುತ್ತಿದ್ದರು. ಹಳಿಗಳ ನಡುವೆ ಬಂದಾಗ ನಿಂತರು. ರೈಲು ಹೋದ ದಿಕ್ಕಿಗೆ, ಯಶವಂತಪುರದ ಕಡೆಗೆ ನೋಡಿದರು. ಆಮೇಲೆ ಇನ್ನೊಂದು ದಿಕ್ಕಿಗೆ, ಅರಸೀಕೆರೆ, ಹುಬ್ಬಳ್ಳಿ ಕಡೆಗೆ. ಗೇಟಿನವನು ಅವರನ್ನು ಗುರುತು ಹಿಡಿದು ಸಲಾಮು ಹೊಡೆದ. "ಡ್ರೈವರ್ ಸಾಹೇಬ್ರು! ಏನ್ ಸಾಹೇಬ್ರೆ, ಈಗ ರೋಡ್ ಮೇಲಾ?" ಕಾಕಾ ಸಲಾಮು ತೆಗೆದುಕೊಂಡರು. ಎದೆ ಮತ್ತೆ ಮುಂದೆ ಬಂದಿತ್ತು.

ಶಾಲೆಯ ಮುಂದೆ ಕಾರು ನಿಲ್ಲಿಸಿದಾಗ ಅತ್ತೆ ಇಳಿದು, ಮುಚ್ಚಿದ್ದ ಗೇಟಿನ ಸರಳುಗಳ ನಡುವೆ ಕಟ್ಟಡವನ್ನು ನೋಡಿದರು.

"ನಿಲ್ಲದೇ ಬಂದಿದ್ರೆ ಇವತ್ತು ಹ್ಞೂಂ ಅಂತಿದ್ದೆ, ದಿನಾ ಹೆದರ್ತಾ ಕೂರ್ತಿದ್ದೆ" ಎಂದರು. "ನಿಂತ್ರೆ ಇವಳೇನು ಮಾಡ್ತಾಳಪ್ಪ ಅಂತ. ಈಗ ನೋಡಿದ್ನಲ್ಲ, ಏನು ಮಾಡ್ತೀಯ ಅಂತ. ಹೋಗು, ಆ ಸಿಸ್ಟರಿಗೆ ಹೇಳು." ಆಮೇಲೆ ಕಾಕಾರ ಕಡೆ ತಿರುಗಿ, "ಆದ್ರೆ ಸಾಹೇಬ್ರೆ, ನೀವು ಇನ್ಮೇಲೆ ಹಿಂದಿನ ಸೀಟು" ಎಂದರು.

ಕಾಕಾ ಹೊಟ್ಟೆ ಹಿಡಿದು ನಕ್ಕರು. "ನನಗ ಗಾಡಿ ಹಿಂದಿನ ಗಾರ್ಡ್ ಡಬ್ಬಿ ಕೊಟ್ರಿ ಅನ್ರಿ!"

ವಾಪಸು ಬರುವಾಗ ನಿಜಕ್ಕೂ ಹಿಂದೆ ಕೂತು, ಏರು ಬಂದಾಗಲೆಲ್ಲ ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ಕಾಣುತ್ತಿತ್ತು.

ಆ ಶಾಲೆಯಲ್ಲಿ ನಾನು ತಲೆ ನೆರೆಯುವವರೆಗೂ ಪಾಠ ಹೇಳಿದೆ. ಪಾಪದ್ದು ಎಷ್ಟೋ ವರ್ಷ ನನ್ನನ್ನು ಹೊತ್ತು ತಿರುಗಿತು. ಸಂಜೆ ಮನೆಗೆ ಬಂದು ಕಾರು ನಿಲ್ಲಿಸಿದರೆ ಗೋಡೆಯಾಚೆಯಿಂದ ವಿಚಾರಣೆ ಇರುತ್ತಿತ್ತು. "ಗೇಟಿನ ಏರು ಯಾವ ಗೇರಿನಾಗ ಹತ್ತಿದಿ? ಯಾವ ಗಾಡಿ ಸಿಕ್ತು? ಉಗೀದೋ, ಡೀಸೆಲ್ಲೋ?" ಮೊದಮೊದಲು ಉಗಿಯದು ಎನ್ನುತ್ತಿದ್ದೆ. ಬರಬರುತ್ತ ಡೀಸೆಲ್ ಎನ್ನುವ ದಿನಗಳು ಹೆಚ್ಚಾದವು. ಒಮ್ಮೊಮ್ಮೆ ಡೀಸೆಲ್ ಬಂದಿದ್ದರೂ ಉಗಿಯದು ಎಂದೇ ಹೇಳುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು ಎಂದು ಕಾಣುತ್ತದೆ... "ಇರ್ಲಿ ಬಿಡು, ಹೊಸಾದು ಬಂದ್ರ ಚಲೋನ" ಎನ್ನುತ್ತಿದ್ದರು. "ನಿನ್ನ ಮೋಟಾರಿಗೂ ಬರ್ತೈತಿ."

ಎಂಬತ್ತರ ದಶಕದ ನಡುವಿನಲ್ಲಿ ಅವರ ಅಣ್ಣನ ಮಗ ಹುಬ್ಬಳ್ಳಿಯಲ್ಲೇ ಬೇರೆ ಕೆಲಸ ಹಿಡಿದರು. ಹೊರಡುವ ದಿನ ನಾನೇ ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟೆ. ಕಾಕಾ ಸೀಟು ಹುಡುಕುವ ಮೊದಲು ಪ್ಲಾಟ್‌ಫಾರಂ ಉದ್ದಕ್ಕೂ ನಡೆದು, ಮುಂದೆ ನಿಂತಿದ್ದ ಡೀಸೆಲ್ ಇಂಜಿನ್ನನ್ನು ತಲೆಯೆತ್ತಿ ನೋಡಿ ಬಂದರು. ನಾನು ಮುಂದಿನ ಡಬ್ಬಿಯ ಬಾಗಿಲಲ್ಲಿ ಅವರ ಚೀಲ ಹಿಡಿದು ನಿಂತಿದ್ದೆ. ಚೀಲ ತೆಗೆದುಕೊಂಡು, ಜೇಬಿನಿಂದ ವೇಸ್ಟ್ ತೆಗೆದು ಬಾಗಿಲ ಹಿಡಿ ಒರೆಸಿ, ಹತ್ತಿದರು. "ಚೋಕ್ ಎಳೀಬ್ಯಾಡ ತಂಗಿ" ಎಂದರು. ಅಷ್ಟೇ ಅವರ ಕೊನೆಯ ಮಾತು. ಆಮೇಲೆ ಕೆಲವು ವರ್ಷಗಳಲ್ಲಿ, ಹುಬ್ಬಳ್ಳಿಯಿಂದ ಬಂದವರೊಬ್ಬರ ಬಾಯಲ್ಲಿ, ಅವರು ತೀರಿಕೊಂಡ ಸುದ್ದಿ ಬಂತು. ಬಂದವರು ಬೇರೆ ಏನೋ ಮಾತಿನ ನಡುವೆ ಹೇಳಿದ್ದರು. ಶೆಡ್ಡಿಗೆ ಹೋಗಿ ಕಾರಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಸರ್ವಿಸ್ ಸೆಂಟರಿನ ಟೆಕ್ನಿಷಿಯನ್ ತಾಳ್ಮೆಯವನು. ನಾನು ಸ್ಟೂಲಿನಿಂದಲೇ ಕೇಳಿದ್ದಕ್ಕೆಲ್ಲ ವಿವರವಾಗಿ ಹೇಳಿದ. ಉಬ್ಬುಗಳ ಆ ಶಾಫ್ಟಿನ ತುದಿಯಲ್ಲಿ ಈಗ ಒಂದು ಸಣ್ಣ ಗೂಡು ಇರುತ್ತದಂತೆ. ಅದರೊಳಗೆ ಇಂಜಿನ್ ಆಯಿಲ್ಲೇ ನುಗ್ಗಿ ಶಾಫ್ಟನ್ನು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ತಿರುಗಿಸುತ್ತದಂತೆ. ಮುಂದೆ ತಿರುಗಿದರೆ ಬಾಗಿಲು ಬೇಗ, ಹಿಂದೆ ತಿರುಗಿದರೆ ತಡ. ಎಷ್ಟು ಆಯಿಲ್ ಬಿಡಬೇಕು, ಯಾವಾಗ ಬಿಡಬೇಕು, ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅವನ ಕೈಯಲ್ಲಿದ್ದ ಹೆಬ್ಬೆರಳಿನಷ್ಟು ದಪ್ಪದ್ದು ಆ ಆಯಿಲ್ಲಿನ ನಲ್ಲಿ. "ಸಣ್ಣ ಸ್ಟೇಷನ್ನಿಗೊಂದು ಲೆಕ್ಕ, ದೊಡ್ಡದಕ್ಕೊಂದು" ಎಂದೆ. ಅವನಿಗೆ ತಿಳಿಯಲಿಲ್ಲ. ಹೇಳಿದೆ. ಚಹಾಕ್ಕೆ ಇಳಿಯುವವರ ಕಥೆ ಕೇಳಿ ಅವನೂ ಮೊಮ್ಮಗಳೂ ನಕ್ಕರು. "ಮುಂದಿನ ಕಸ್ಟಮರಿಗೆ ನಾನು ಹೀಗೇ ಹೇಳ್ತೀನಿ ಮೇಡಂ" ಎಂದ. ಹೇಳಲಿ. ಅಷ್ಟಾದರೂ ಉಳಿಯಲಿ.

ಹೊಸ ನಲ್ಲಿ, ಹೊಸ ಆಯಿಲ್ ಹಾಕಿಸಿಕೊಂಡು ಹೊರಟೆವು. ಹೆಬ್ಬಾಳದ ಫ್ಲೈಓವರ್ ಏರುವಾಗ ಮೊಮ್ಮಗಳು ಕಾಲು ಒತ್ತಿದಳು. ಕಣ್ಣು ಮುಚ್ಚಿ ಕೇಳಿದೆ. ಇಂಜಿನ್ನಿನ ದನಿ ತುಸು ದಪ್ಪಗಾಗಿ, ಮೇಲೇರಿ, ಓಟಕ್ಕೆ ಬಿದ್ದಮೇಲೆ ಹಗುರಾಯಿತು. ಒಂದು ಜಗ್ಗಿಲ್ಲ, ಒಂದು ಕೆಮ್ಮಿಲ್ಲ.

ಕಾಕಾ ಇದ್ದಿದ್ದರೆ ಎರಡು ನಿಮಿಷ ಹಿಗ್ಗಿ, ಮೂರನೆಯ ನಿಮಿಷಕ್ಕೆ ಕೊಂಕು ತೆಗೆಯುತ್ತಿದ್ದರು. "ಎಲ್ಲಾ ಅದ ಮಾಡ್ಕೊಂಡ್ರ ಡ್ರೈವರ್ ಕೈಗೆ ಏನ್ ಕೆಲಸ?" ಎಂದು. ಬಂತು ಕಾಕಾ, ಮೋಟಾರಿಗೂ ಬಂತು, ಎಂದು ಹೇಳೋಣವೆಂದರೆ ಗೋಡೆಯೂ ಇಲ್ಲ, ಗೋಡೆಯಾಚೆ ಯಾರೂ ಇಲ್ಲ...

"ಅಜ್ಜಿ, ಏನ್ ಹುಡುಕ್ತಿದ್ದೀರ? ಎ.ಸಿ. ಕಮ್ಮಿ ಮಾಡ್ಲಾ?"

ಕಣ್ಣು ಬಿಟ್ಟು ನೋಡಿಕೊಂಡೆ. ನನ್ನ ಕೈ ತಾನಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಚೋಕಿನ ಹಿಡಿ ಇರುತ್ತಿದ್ದ ಜಾಗಕ್ಕೆ ಹೋಗಿತ್ತು. ಅಲ್ಲಿ ನಯವಾದ ಪ್ಲಾಸ್ಟಿಕ್ಕಷ್ಟೇ ಇತ್ತು.

"ಏನಿಲ್ಲ ಕಣೇ" ಎಂದೆ. "ಕೈ ಕೇಳಲಿಲ್ಲ."